ರಾತ್ರಿ ಪಾಳಿಯ ಗಿಡಗಳು

ಟೂಸಾನ್, ಅರಿಜೋನಾ
ಜೂನ್, ಭಾನುವಾರ ರಾತ್ರಿ

ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಮ್ಮ, ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ಮನೇಲಿ ಮುಳ್ಳಿನ ಗಿಡ ಇಟ್ಕೋಬಾರ್ದು ಕಣೇ, ದುಡ್ಡು ಕೊಟ್ಟು ಯಾರಾದ್ರೂ ಕಳ್ಳಿ ಬೆಳೆಸ್ತಾರಾ?" ಅಂದೆಯಲ್ಲ, ಅದಕ್ಕೆ ಈ ಪತ್ರ.

ನೀನೂ ಬೆಳೆಸುತ್ತಿದ್ದೀಯ ಅಮ್ಮ. ತುಳಸಿಕಟ್ಟೆ ಪಕ್ಕದಲ್ಲಿರುವ ನಿನ್ನ ಬ್ರಹ್ಮಕಮಲ ಇದೆಯಲ್ಲ, ಅದೂ ನನ್ನ ಮುಳ್ಳಿನ ಗಿಡಗಳ ಹಾಗೆ ಕ್ಯಾಕ್ಟಸ್ ಜಾತಿಯದೇ. ಮೆಕ್ಸಿಕೊ ಕಡೆಯಿಂದ ಬಂದದ್ದು. ಎಲೆಯ ಹಾಗೆ ಕಾಣುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಮೊಗ್ಗು ಅದರ ಅಂಚಿನಿಂದ ಹೊರಡುತ್ತದೆ. ಹಿಮಾಲಯದ ಬ್ರಹ್ಮಕಮಲ ಬೇರೆಯದೇ ಗಿಡ. ಪ್ರತಿ ವರ್ಷ ಅಕ್ಕಪಕ್ಕದವರನ್ನೆಲ್ಲ ಕರೆದು, ಕುಂಕುಮ ಹಚ್ಚಿ, ಆರತಿ ಎತ್ತುವುದು ಕ್ಯಾಕ್ಟಸ್ಸಿಗೇ! ಮತ್ತೆ ನನ್ನದಕ್ಕೆ ಯಾಕೆ ಬೈಯುತ್ತೀಯ?

ಆದರೆ ನಮ್ಮ ಹೊಲದ ಬೇಲಿಯಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿ ಕ್ಯಾಕ್ಟಸ್ ಅಲ್ಲ. ಅದರ ವಂಶವೇ ಬೇರೆ. ಬಿಸಿಲು ಒಂದೇ ಥರ ಸುಟ್ಟಿದ್ದರಿಂದ ಎರಡೂ ಒಂದೇ ಥರ ಕಾಣುತ್ತವೆ ಅಷ್ಟೆ. ಇಷ್ಟು ತಿಳಿದ ಮೇಲೆ ನನಗೆ ಹುಚ್ಚು ಜಾಸ್ತಿಯಾಯಿತು.

ಇಲ್ಲಿ ಈಗ ಹಗಲು ನಲವತ್ತು ಡಿಗ್ರಿ ದಾಟುತ್ತಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ನಮ್ಮ ಚಳ್ಳಕೆರೆಯಲ್ಲೇ ಇದಕ್ಕಿಂತ ಜಾಸ್ತಿ ಬೀಳುತ್ತದೆ. ಹಾಗಾಗಿ ಹಗಲಲ್ಲಿ ಹಿತ್ತಲಿಗೆ ಕಾಲಿಡುವ ಹಾಗಿಲ್ಲ. ಊಟ ಮುಗಿಸಿ, ಟಾರ್ಚ್ ಹಿಡಿದು, ಕುಂಡಗಳ ಮುಂದೆ ಕೂರುತ್ತೇನೆ. ಗಿಡಗಳಿಗೂ ಅದೇ ಹೊತ್ತು ಸರಿ, ಯಾಕೆಂದರೆ ಅವು ರಾತ್ರಿ ಪಾಳಿಯವು.

ಅಪ್ಪ, ಇದು ನಿಮಗೆ. ಬೇರೆ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ರಂಧ್ರ ತೆರೆದರೆ ನೀರೂ ಆವಿಯಾಗಿ ಹೋಗುತ್ತದೆ. ಮರಳುಗಾಡಿನಲ್ಲಿ ಅದು ಗಿಟ್ಟುವುದಿಲ್ಲ. ಅದಕ್ಕೆ ಕ್ಯಾಕ್ಟಸ್‌ಗಳು ಹಗಲೆಲ್ಲ ಬಾಗಿಲು ಹಾಕಿಕೊಂಡಿದ್ದು, ತಂಪಾದ ಮೇಲೆ ತೆರೆಯುತ್ತವೆ. ರಾತ್ರಿ ಒಳಗೆ ಬಂದ ಗಾಳಿಯನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಿಗ್ಗೆ ಬಾಗಿಲು ಮುಚ್ಚಿ, ಆ ದಾಸ್ತಾನಿನಿಂದಲೇ ಬಿಸಿಲಲ್ಲಿ ಸಕ್ಕರೆ ಮಾಡಿಕೊಳ್ಳುತ್ತವೆ.

ಇದರ ಸುಳಿವನ್ನು ಬರೆದಿಟ್ಟವರಲ್ಲಿ ಒಬ್ಬ ಬೆಂಜಮಿನ್ ಹೇನ್. ಜರ್ಮನಿಯವನು, ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ. ಟಿಪ್ಪು ಸತ್ತ ಮೇಲೆ ನಮ್ಮ ಲಾಲ್‌ಬಾಗನ್ನು ಸ್ವಲ್ಪ ಕಾಲ ನೋಡಿಕೊಂಡವನೂ ಅವನೇ. ಅವನು ಭಾರತದಲ್ಲಿದ್ದಾಗ ಕಾಡುಬಸಳೆ ಎಲೆಯನ್ನು ಜಗಿದು ನೋಡಿದ. ಹೌದು, ಎಲೆಯ ಅಂಚಿನಲ್ಲೇ ಮರಿ ಬಿಡುತ್ತದಲ್ಲ, ಅದೇ. ರಾತ್ರಿ ಕೂಡಿಟ್ಟ ಆಮ್ಲದಿಂದ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ. 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಅದನ್ನು ಅಚ್ಚು ಹಾಕಿತು. ಬರೀ ನಾಲಿಗೆಯಿಂದ ಮಾಡಿದ ಪ್ರಯೋಗ! ಇಂಥ ವಿಜ್ಞಾನ ನನಗೆ ತುಂಬಾ ಇಷ್ಟ. ಹಿತ್ತಲಲ್ಲಿ ಕಾಡುಬಸಳೆ ಇನ್ನೂ ಇದ್ದರೆ ನೀವೂ ನೋಡಿ ಅಪ್ಪ. ಸೂರ್ಯ ಹುಟ್ಟುವ ಮೊದಲು ಒಂದು ಚೂರು, ಸಂಜೆ ಐದಕ್ಕೆ ಇನ್ನೊಂದು ಚೂರು. ಜಗಿದು ಉಗುಳಿ, ನುಂಗಬೇಡಿ. ದನಗಳಿಗೆ ಅದು ವಿಷ.

ನನ್ನ ಕುಂಡಗಳ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವು ಸವಾರೊ ಸಸಿಗಳು. ಫೋಟೋಗಳಲ್ಲಿ ಕೈ ಎತ್ತಿ ನಿಂತ ದೊಡ್ಡ ಕಂಬದಂಥ ಗಿಡ ನೋಡಿದ್ದೀರಲ್ಲ, ಅದರ ಮಕ್ಕಳು. ಬೀಜ ಸಾಸಿವೆಗಿಂತ ಚಿಕ್ಕದು, ಕಪ್ಪಗೆ ಹೊಳೆಯುತ್ತದೆ. ದಪ್ಪ ಮರಳಿಗೆ ಸ್ವಲ್ಪ ಗೊಬ್ಬರ ಬೆರೆಸಿ, ಮೇಲೆ ಉದುರಿಸಿ, ಕುಂಡಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದರೆ ಬೆಚ್ಚಗೆ ಮೊಳೆಯುತ್ತದೆ. ಆಮೇಲೆ ಏನೂ ಆಗುವುದಿಲ್ಲ! ನಿಜವಾಗಿಯೂ. ಮೊದಲ ಎಂಟು ವರ್ಷದಲ್ಲಿ ಒಂದು ಒಂದೂವರೆ ಇಂಚು ಬೆಳೆದರೆ ಹೆಚ್ಚು. ಪಕ್ಕದಲ್ಲಿ ಕೈ ಮೂಡಲು ಐವತ್ತು ಎಪ್ಪತ್ತೈದು ವರ್ಷ ಬೇಕು, ಒಣ ಜಾಗದಲ್ಲಿ ಅದಕ್ಕಿಂತಲೂ ಜಾಸ್ತಿ. ಇವುಗಳಿಗೆ ಕೈ ಮೂಡುವುದನ್ನು ನಾನು ನೋಡುವುದು ಅನುಮಾನ. ಅದರಿಂದ ನನಗೆ ಬೇಜಾರೂ ಇಲ್ಲ. ಭೂತಗನ್ನಡಿ ಹಿಡಿದು ಹೊಸ ಮುಳ್ಳಿನ ಗೊಂಚಲು ಬಂತೇ ಎಂದು ನೋಡುತ್ತೇನೆ, ಪುಸ್ತಕದಲ್ಲಿ ಬರೆದಿಡುತ್ತೇನೆ, ಮಲಗುತ್ತೇನೆ.

ಕಾಡಿನಲ್ಲಿ ಸಸಿ ಬದುಕುವುದು ಹೆಚ್ಚಾಗಿ ಪಾಲೊ ವರ್ಡೆ ಥರದ ಮರದ ನೆರಳಿನಲ್ಲಿ. ಮರ ಬಿಸಿಲಿನಿಂದಲೂ ಚಳಿಯಿಂದಲೂ ಕಾಯುತ್ತದೆ. ಹಾಗಾಗಿ ನಾನೂ ಕುಂಡಗಳ ಮೇಲೆ ಹಸಿರು ನೆರಳುಬಲೆ ಕಟ್ಟಿದ್ದೇನೆ. ಚಳಿಗಾಲದ ಕೆಲವು ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆಗ ಎಳೆಯ ತುದಿ ಸುಟ್ಟಂತಾಗುತ್ತದೆ. ಊರಿನವರು ಉದ್ದ ಕ್ಯಾಕ್ಟಸ್‌ಗಳ ತುದಿಗೆ ಥರ್ಮೋಕೋಲ್ ಲೋಟ ಬೋರಲು ಹಾಕುತ್ತಾರೆ. ಬೀದಿಯಲ್ಲೆಲ್ಲ ಟೋಪಿ ಹಾಕಿದ ಗಿಡಗಳು. ನೋಡಿದರೆ ನಗು ಬರುತ್ತದೆ.

ಭಾನುವಾರ ಟುಮಮೊಕ್ ಗುಡ್ಡ ಹತ್ತುತ್ತೇನೆ. ಅಲ್ಲಿ 1903ರಲ್ಲಿ ಶುರುವಾದ ಮರುಭೂಮಿ ಪ್ರಯೋಗಾಲಯ ಇದೆ, ಈಗ ವಿಶ್ವವಿದ್ಯಾಲಯದ್ದು. 1906ರಿಂದ ಗುರುತು ಹಾಕಿದ ಜಾಗಗಳಿಗೆ ಇವತ್ತಿಗೂ ಮತ್ತೆ ಮತ್ತೆ ಹೋಗಿ ಅದೇ ಗಿಡಗಳನ್ನು ಎಣಿಸುತ್ತಾರೆ. ಅಳತೆ ಶುರು ಮಾಡಿದವರು ಯಾರೂ ಈಗಿಲ್ಲ. ಅವರ ಪುಸ್ತಕವನ್ನು ಮುಂದಿನವರು ಹಿಡಿದಿದ್ದಾರೆ.

ಮೇ ಕೊನೆಯಲ್ಲಿ ಸವಾರೊ ಹೂ ಬಿಟ್ಟಿತ್ತು. ಬಿಳಿ ಹೂವು, ರಾತ್ರಿ ಅರಳಿ ಮಾರನೆಯ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ರಾತ್ರಿ ಉದ್ದ ಮೂತಿಯ ಬಾವಲಿ, ಹಗಲು ಜೇನ್ನೊಣ, ಪಾರಿವಾಳ ಬರುತ್ತವೆ. ಆ ಬಾವಲಿ ಇಲ್ಲಿನ ಸರ್ಕಾರದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿತ್ತು, ಸಂಖ್ಯೆ ಹೆಚ್ಚಿತೆಂದು 2018ರಲ್ಲಿ ಪಟ್ಟಿಯಿಂದ ತೆಗೆದರು. ಈಗ ಹಣ್ಣಿನ ಕಾಲ. ಇಲ್ಲಿನ ಮೂಲ ಜನ ಟೊಹೊನೊ ಓಡಮ್ ಸತ್ತ ಸವಾರೊವಿನ ಒಳಗಿನ ಪಕ್ಕೆಲುಬಿನಂಥ ಉದ್ದ ಕಡ್ಡಿಗಳಿಂದ ಮಾಡಿದ ದೋಟಿಯಿಂದ ಕೀಳುತ್ತಾರೆ. ಕೆಂಪು ತಿರುಳು ಕುದಿಸಿ ಪಾಕ ಮಾಡುತ್ತಾರೆ, ಪಾಕ ಹುಳಿಸಿ ಮಳೆ ಕರೆಯುವ ಹಬ್ಬಕ್ಕೆ ಕುಡಿಯುತ್ತಾರೆ. ಜುಲೈಯಲ್ಲಿ ಗುಡುಗಿನ ಮಳೆ ಶುರು. ಮಳೆಗೆ ಸವಾರೊವಿನ ನೆರಿಗೆಗಳು ಬಿಚ್ಚಿಕೊಂಡು ಕಾಂಡ ಉಬ್ಬುತ್ತದೆ.

ಅಮ್ಮ, ನಿನ್ನಂಥವರು ಇಲ್ಲೂ ಇದ್ದಾರೆ. ಒಣ ಕಡ್ಡಿಯಂತೆ ಕಾಣುವ ಇನ್ನೊಂದು ಕ್ಯಾಕ್ಟಸ್ ಇದೆ. ಮಣ್ಣಿನೊಳಗೆ ಗೆಡ್ಡೆ. ಬೇಸಿಗೆಯ ಯಾವುದೋ ಒಂದು ರಾತ್ರಿ ಹೂ ಬಿಡುತ್ತದೆ, ಸುತ್ತಲಿನವೂ ಹೆಚ್ಚುಕಡಿಮೆ ಜೊತೆಗೇ. ಟೊಹೊನೊ ಚುಲ್ ಎಂಬ ತೋಟದವರು ಆವತ್ತೇ ಸುದ್ದಿ ಕೊಟ್ಟು ರಾತ್ರಿ ಬಾಗಿಲು ತೆರೆಯುತ್ತಾರೆ. ಜನ ಮಕ್ಕಳನ್ನು ಎತ್ತಿಕೊಂಡು ಸಾಲಲ್ಲಿ ಬರುತ್ತಾರೆ. ಆರತಿ ಒಂದಿಲ್ಲ.

ಚಿನ್ನು ಸವಾರೊ ಬೀಜ ಕೇಳಿದ್ದಾನೆ. ಸುಮ್ನೆ ಕವರಿಗೆ ಹಾಕಿ ಕಳಿಸುವ ಹಾಗಿಲ್ಲ ಅಂತ ಹೇಳು, ಅನುಮತಿ ಕಾಗದ ಬೇಕು. ಇರಬೇಕಾದದ್ದೂ ಹಾಗೇ. ಅಮೆರಿಕದಿಂದ ಬಂದ ಪಾಪಾಸುಕಳ್ಳಿ ನಮ್ಮ ಕಡೆ ಹೇಗೆ ಹಬ್ಬಿತು ಅಂತ ಅಪ್ಪನನ್ನೇ ಕೇಳಲಿ. ಬೇಕಿದ್ದರೆ ನಿನ್ನ ಬ್ರಹ್ಮಕಮಲದ ಒಂದು ತುಂಡು ಕೊಡು. ಕತ್ತರಿಸಿದ ಗಾಯ ಒಣಗುವವರೆಗೆ ನೆರಳಲ್ಲಿಟ್ಟು ಆಮೇಲೆ ನೆಡಲಿ, ನೀರು ಕಮ್ಮಿ.

ಕಾಡುಬಸಳೆ ಏನಾಯಿತು ಅಂತ ಫೋನು ಮಾಡಿದಾಗ ಹೇಳಿ. ಅಜ್ಜಿಗೆ ಪತ್ರ ಓದಿ ಹೇಳುವಾಗ ಬಾವಲಿ ವಿಷಯ ಬಿಟ್ಟುಬಿಡಿ, ಇಲ್ಲದಿದ್ದರೆ ದೃಷ್ಟಿ ತೆಗೆಸಲು ನಾನು ಊರಿಗೇ ಬರಬೇಕಾಗುತ್ತದೆ.

ಇಂತಿ ನಿಮ್ಮ ಮಗಳು