ಸುಂಕದ ಜಗಳವೊಂದೇ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಅಂತರ್ಯುದ್ಧದ ಕುರಿತು ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಉತ್ತರದ ಕಾರ್ಖಾನೆದಾರರು ಬಯಸಿದ ಆಮದು ಸುಂಕವನ್ನು ದಕ್ಷಿಣದ ಕೃಷಿಕರು ಒಪ್ಪದಿದ್ದುದೇ ಯುದ್ಧಕ್ಕೆ ಮೂಲವೆಂಬ ಅದರ ತೀರ್ಮಾನ ಅರ್ಧ ಸತ್ಯವಷ್ಟೇ ಎಂದು ನನಗನ್ನಿಸುತ್ತದೆ. ಪ್ರಾದೇಶಿಕ ಆರ್ಥಿಕ ಅಂತರ ದೇಶವನ್ನು ಸೀಳಿತೆಂಬುದು ನಿಜ. ಆದರೆ ಆ ಅಂತರ ಯಾವುದರದ್ದು ಎಂಬ ಪ್ರಶ್ನೆಯನ್ನು ಲೇಖನ ಕೇಳಿಕೊಂಡಿಲ್ಲ.

ಸುಂಕದ ಜಗಳ ಸುಳ್ಳೇನಲ್ಲ. 1828ರಲ್ಲಿ ಏರಿಸಿದ ಸುಂಕದ ವಿರುದ್ಧ ದಕ್ಷಿಣ ಕೆರೊಲಿನಾ ರಾಜ್ಯ ಸಿಡಿದೆದ್ದು, ಅದು ತನ್ನ ಗಡಿಯೊಳಗೆ ಜಾರಿಯಾಗದು ಎಂದು 1832ರಲ್ಲಿ ಸಾರಿತ್ತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸೇನೆಯ ಬಲ ತೋರಿಸಿದರು, ಮರುವರ್ಷ ಸುಂಕ ಇಳಿಸುವ ರಾಜಿಯಾಯಿತು, ಒಕ್ಕೂಟ ಉಳಿಯಿತು. 1857ರ ಕಾಯ್ದೆಯಂತೂ ಸುಂಕವನ್ನು ಹಲವು ದಶಕಗಳಲ್ಲೇ ಅತಿ ಕಡಿಮೆ ಮಟ್ಟಕ್ಕೆ ತಂದಿತ್ತು. ಅದನ್ನು ಮತ್ತೆ ಏರಿಸಿದ ಮೊರಿಲ್ ಕಾಯ್ದೆಗೆ ಸೆನೆಟ್ ಒಪ್ಪಿಗೆ ಸಿಕ್ಕಿದ್ದು ದಕ್ಷಿಣದ ಮೊದಲ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೋದ ನಂತರ. ಮನೆ ಬಿಟ್ಟು ಹೊರಟ ಮೇಲೆ ಏರಿದ ಬಾಡಿಗೆಯನ್ನು ಹೊರಟದ್ದಕ್ಕೆ ಕಾರಣವೆನ್ನುವುದು ಹೇಗೆ?

ಹಾಗೆ ನೋಡಿದರೆ ಎರಡು ಪ್ರದೇಶಗಳ ಆರ್ಥಿಕತೆ ಒಂದಕ್ಕೊಂದು ಹೆಣೆದುಕೊಂಡೇ ಇತ್ತು. ಉತ್ತರದ ಮ್ಯಾಸಚೂಸೆಟ್ಸ್‌ನ ಲೋವೆಲ್ ಗಿರಣಿಗಳು ನೂಲುತ್ತಿದ್ದುದು ದಕ್ಷಿಣದ ಹತ್ತಿಯನ್ನು. ಆ ಹತ್ತಿಗೆ ಸಾಲ, ವಿಮೆ, ಹಡಗು ಒದಗಿಸಿ ಲಾಭ ಎಣಿಸುತ್ತಿದ್ದುದು ನ್ಯೂಯಾರ್ಕ್. 1861ರ ಜನವರಿಯಲ್ಲಿ ಅಲ್ಲಿನ ಮೇಯರ್ ಫರ್ನಾಂಡೊ ವುಡ್ ತಮ್ಮ ನಗರವೂ ಒಕ್ಕೂಟದಿಂದ ಹೊರಬರಲಿ ಎಂದು ಸೂಚಿಸಿದ್ದರು. ಒಂದು ಕಡೆ ಗಿರಣಿ, ಇನ್ನೊಂದು ಕಡೆ ಹೊಲ ಇದ್ದ ಮಾತ್ರಕ್ಕೆ ದೇಶ ಒಡೆಯುವುದಿಲ್ಲ.

ಒಡಕಿನ ಬೇರು ಇದ್ದುದು ದಕ್ಷಿಣದವರು ತಮ್ಮ ಸಂಪತ್ತನ್ನು ಯಾವ ರೂಪದಲ್ಲಿ ಕೂಡಿಟ್ಟಿದ್ದರು ಎಂಬಲ್ಲಿ. 1793ರಲ್ಲಿ ಎಲಿ ವಿಟ್ನಿಯ ಜಿನ್ ಯಂತ್ರ ಬಂದು, ಕಾಳಿನಿಂದ ಅರಳೆ ಬಿಡಿಸುವ ಕೆಲಸ ಸುಲಭವಾದ ಮೇಲೆ ಹತ್ತಿಯ ಬೇಸಾಯ ಪಶ್ಚಿಮಕ್ಕೆ ಹಬ್ಬುತ್ತ ಹೋಯಿತು. ಅದರ ಜೊತೆಗೆ, 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 39 ಲಕ್ಷ ದಾಟಿತು. ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರಲ್ಲೇ ನಿಷೇಧಿಸಿದ್ದರಿಂದ ವರ್ಜೀನಿಯಾದಂಥ ಹಳೆಯ ರಾಜ್ಯಗಳು ಮನುಷ್ಯರನ್ನು ಮಿಸಿಸಿಪ್ಪಿಯ ಹೊಸ ಹೊಲಗಳಿಗೆ ಮಾರುವುದನ್ನೇ ಆದಾಯವಾಗಿಸಿಕೊಂಡವು. ತಾಯಿ ಒಂದೆಡೆ, ಮಗು ಇನ್ನೊಂದೆಡೆ ಹರಾಜಾಗುವುದು ಅಲ್ಲಿ ವ್ಯಾಪಾರದ ಮಾಮೂಲು ವಿಧಾನವಾಗಿತ್ತು. 1860ರಲ್ಲಿ ಈ ಜನರಿಗೆ ಮಾಲೀಕರು ಕಟ್ಟಿದ್ದ ಬೆಲೆ 300 ಕೋಟಿ ಡಾಲರಿನಷ್ಟಿತ್ತು. ಇದು ಆಗಿನ ಅಮೆರಿಕದ ರೈಲುಮಾರ್ಗಗಳು ಮತ್ತು ಕಾರ್ಖಾನೆಗಳಿಗೆ ಹೂಡಿದ ಒಟ್ಟು ಬಂಡವಾಳಕ್ಕಿಂತ ಹೆಚ್ಚು. ಇಂಥ ಆಸ್ತಿಯ ವಿಷಯದಲ್ಲಿ ಸುಂಕದ ದರದಂತೆ ಶೇಕಡಾ ಇಷ್ಟು ಎಂದು ಚೌಕಾಸಿ ನಡೆಸಲಾಗದು. ಮನುಷ್ಯ ಒಂದೋ ಇನ್ನೊಬ್ಬನ ಸೊತ್ತು, ಇಲ್ಲವೇ ಸ್ವತಂತ್ರ.

ಉತ್ತರದ ಹಣ ಇದೇ ಕಾಲದಲ್ಲಿ ಕಾಲುವೆ, ರೈಲು, ಯಂತ್ರಗಳಿಗೆ ಹರಿಯಿತು. ಯುದ್ಧದ ಹೊತ್ತಿಗೆ ದೇಶದ ಸುಮಾರು 30,000 ಮೈಲಿ ರೈಲುಮಾರ್ಗದಲ್ಲಿ ಕೊನೆಗೆ ಬೇರ್ಪಟ್ಟ ಒಟ್ಟು ಹನ್ನೊಂದು ರಾಜ್ಯಗಳ ಪಾಲು 9,000 ಮೈಲಿ ಮಾತ್ರ. ಐರ್ಲೆಂಡ್, ಜರ್ಮನಿಗಳಿಂದ ಬಂದ ವಲಸಿಗರಲ್ಲಿ ಹೆಚ್ಚಿನವರು ಕೂಲಿ ಸಿಗುವ ಉತ್ತರದಲ್ಲೇ ನೆಲೆಸಿದ್ದರಿಂದ ಜನಪ್ರತಿನಿಧಿ ಸಭೆಯಲ್ಲಿ ಆ ಭಾಗದ ಸ್ಥಾನಗಳು ಬೆಳೆಯುತ್ತಲೇ ಹೋದವು. ದಕ್ಷಿಣಕ್ಕೆ ಉಳಿದಿದ್ದ ಆಸರೆ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನಗಳಿರುವ ಸೆನೆಟ್. ಅಲ್ಲಿ ಗುಲಾಮಗಿರಿಯಿದ್ದ ಮತ್ತು ಇಲ್ಲದ ರಾಜ್ಯಗಳು 15ಕ್ಕೆ 15 ಇದ್ದ ಸಮತೋಲವೂ 1850ರಲ್ಲಿ ಕ್ಯಾಲಿಫೋರ್ನಿಯ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಸೇರಿದಾಗ ತಪ್ಪಿತು. 1854ರ ನಂತರ ಕಾನ್ಸಾಸ್‌ನಲ್ಲಿ ರಕ್ತ ಹರಿದದ್ದು ಹೊಸ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಪ್ರಶ್ನೆಗೇ. ಮೆಥಡಿಸ್ಟ್ ಮತ್ತು ಬ್ಯಾಪ್ಟಿಸ್ಟ್ ಚರ್ಚುಗಳು 1844–45ರಲ್ಲೇ ಉತ್ತರ, ದಕ್ಷಿಣ ಎಂದು ಒಡೆದಿದ್ದವು. 1860ರಲ್ಲಿ ಡೆಮಾಕ್ರಟಿಕ್ ಪಕ್ಷವೂ ಒಡೆಯಿತು. ಎರಡೂ ಕಡೆಯವರು ಕೂತು ಮಾತಾಡುವ ಜಗಲಿಗಳು ಹೀಗೆ ಒಂದೊಂದಾಗಿ ಕುಸಿದವು.

ದಕ್ಷಿಣದೊಳಗೂ ಎಲ್ಲರ ಹಿತ ಒಂದೇ ಆಗಿರಲಿಲ್ಲವೆಂಬುದನ್ನು ಲೇಖನ ಮರೆತಿದೆ. ಗುಲಾಮರು ಕಡಿಮೆಯಿದ್ದ ವರ್ಜೀನಿಯಾದ ಪಶ್ಚಿಮದ ಗುಡ್ಡಗಾಡು ಒಕ್ಕೂಟದ ಪರ ನಿಂತು, 1863ರಲ್ಲಿ ಬೇರೆ ರಾಜ್ಯವೇ ಆಯಿತು.

ಧಾರವಾಡದವನಾದ ನನಗೆ ಈ ಕಥೆಯ ಇನ್ನೊಂದು ತುದಿ ಮನೆಯ ಹತ್ತಿರದ್ದು. ‘ಹತ್ತಿಯೇ ದೊರೆ’ ಎಂದು 1858ರಲ್ಲಿ ಸೆನೆಟ್‌ನಲ್ಲಿ ಗುಡುಗಿದ ದಕ್ಷಿಣ ಕೆರೊಲಿನಾದ ಜೇಮ್ಸ್ ಹೆನ್ರಿ ಹ್ಯಾಮಂಡ್, ತಮ್ಮ ಹತ್ತಿ ನಿಂತರೆ ಇಂಗ್ಲೆಂಡ್ ಉರುಳಿ ಬೀಳುವುದೆಂದು ನಂಬಿದ್ದರು. ಯುದ್ಧ ಬಂದು ಹತ್ತಿ ನಿಂತಾಗ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಕಾರ್ಮಿಕರು ಉಪವಾಸ ಬಿದ್ದದ್ದು ನಿಜ, ಆದರೆ ಗಿರಣಿದಾರರು ಈಜಿಪ್ಟ್ ಮತ್ತು ಭಾರತದ ಕಡೆ ತಿರುಗಿದರು. ಕುಮಟಾ ಬಂದರಿನಿಂದ ಸಾಗುತ್ತಿದ್ದುದರಿಂದ ‘ಕುಮಟಾ ಹತ್ತಿ’ಯೆಂದೇ ಹೆಸರಾದ ನಮ್ಮ ಜವಾರಿ ತಳಿಗೂ, ಅದಕ್ಕೆ ಎರಡು ದಶಕ ಮುಂಚೆ ಇಲ್ಲಿನ ಎರೆನೆಲದಲ್ಲಿ ಬೇರೂರಿದ್ದ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಗೂ ಹಿಂದೆಂದೂ ಕಾಣದ ಬೆಲೆ ಬಂತು. ಧಾರವಾಡದ ಹತ್ತಿಗೆ ಕಾರವಾರ ಬಂದರನ್ನು ಬೆಳೆಸುವ ಉದ್ದೇಶವೂ ಸೇರಿ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಬಿತ್ತು.

ಒಕ್ಕೂಟ ಬಿಡಲು ಕಾರಣವೇನೆಂದು ಮಿಸಿಸಿಪ್ಪಿ ರಾಜ್ಯ 1861ರಲ್ಲಿ ತಾನೇ ಹೊರಡಿಸಿದ ಘೋಷಣೆಯಲ್ಲಿ, ತಮ್ಮ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿಯಾಗಿ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಹೇಳಿಕೊಂಡಿದೆ. ಲೇಖನದ ಮುಂದಿನ ಕಂತು ಬರುವುದಾದರೆ ಆ ಘೋಷಣೆಯ ಆರಂಭದ ಭಾಗವನ್ನಾದರೂ ಕನ್ನಡಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ