ಒಂದು ಕಿಲೋ ನೂಲೂ ಬಿಡಿಯಾಗಿ ಸಿಗಲಿ

ಮಾನ್ಯ ಸಂಪಾದಕರೆ,

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಗ್ಗವಿದೆ. ನಮ್ಮ ಅತ್ತೆಯವರು ಅದರ ಮೇಲೆ ಸೀರೆ ನೇಯುತ್ತಿದ್ದರು. ಸೀರೆಯ ಕೂಲಿ ಗಿಟ್ಟದಂತಾದ ಮೇಲೆ ಹಲವು ವರ್ಷ ಅದು ಸುಮ್ಮನೆ ನಿಂತಿತ್ತು. ಈಗ ನಾಲ್ಕು ವರ್ಷಗಳಿಂದ ನಾನು ಅದರಲ್ಲಿ ಹತ್ತಿಯ ಮತ್ತು ಲಿನನ್ನಿನ (ಅಗಸೆ ಗಿಡದ ನಾರಿನ ನೂಲಿನ) ಟವೆಲ್‌ಗಳನ್ನು ನೇಯುತ್ತಿದ್ದೇನೆ. ಹೀಗೆ ಮನೆಯಲ್ಲೇ ನೇಯುವವರಿಗೆ ನಮ್ಮ ಊರಲ್ಲಿ ಮಗ್ಗದ ಕೊರತೆಯಿಲ್ಲ, ಕೊಳ್ಳುವವರೂ ಅಷ್ಟಿಷ್ಟು ಇದ್ದಾರೆ. ಸಿಗದಿರುವುದು ಸ್ವಲ್ಪ ಪ್ರಮಾಣದ ನೂಲು. ಅದನ್ನು ಸಂಬಂಧಪಟ್ಟವರ ಗಮನಕ್ಕೆ ತರಲೆಂದೇ ಈ ಪತ್ರ.

ಮನೆಗೆಲಸದ ನಡುವೆ ನೇಯುವವರಿಗೆ ಟವೆಲ್ಲಿನಷ್ಟು ಒಗ್ಗುವ ಬಟ್ಟೆ ಬೇರೊಂದಿಲ್ಲ ಎಂಬುದು ನನ್ನ ಅನುಭವ. ಅಗಲ ಕಡಿಮೆ, ಸೆರಗಿಲ್ಲ, ಬುಟ್ಟಾ ಇಲ್ಲ. ಒಲೆಯ ಮೇಲಿನ ಅನ್ನ ನೋಡಲು ಎದ್ದು ಹೋಗಿ ಬಂದರೂ ಕೆಲಸ ಕೆಡುವುದಿಲ್ಲ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕೇಂದ್ರ ಕಾಯ್ದೆಯಡಿ ಈಗ ಉಳಿದಿರುವ 11 ಬಗೆಗಳಲ್ಲಿ ಟವೆಲ್ಲೂ ಒಂದು. ಕಾಯ್ದೆ ಮೀಸಲಿಟ್ಟದ್ದನ್ನು ನೇಯಲು ಕೈಯಿರುವವರಿಗೆ ನೂಲು ಕೈಗೆಟುಕದಿದ್ದರೆ ಆ ಮೀಸಲಾತಿಯಿಂದ ಏನು ಬಂತು?

ಲೆಕ್ಕ ಹೀಗಿದೆ. 30 ಇಂಚು ಅಗಲ, 60 ಇಂಚು ಉದ್ದದ ಒಂದು ಡಜನ್ ಟವೆಲ್‌ಗೆ ನಾನು ಸುಮಾರು 760 ಎಳೆಗಳ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡುತ್ತೇನೆ. ಎರಡೆಳೆ ಹುರಿ ಮಾಡಿದ 20 ನಂಬರಿನ (ನಂಬರು ಹೆಚ್ಚಿದಷ್ಟೂ ನೂಲು ಸಣ್ಣ) ಹತ್ತಿ ನೂಲು ಈ ಹಾಸಿನ ಎಳೆಗಳಿಗೆ ಒಂದು ಕಿಲೋ ಹಿಡಿಯುತ್ತದೆ. ಅಡ್ಡಕ್ಕೆ ನೇಯುವ ಹೊಕ್ಕಿಗೆ ಲಿನನ್ ನೂಲು ಹೆಚ್ಚುಕಡಿಮೆ ಇನ್ನೊಂದು ಕಿಲೋ. ಒಂದು ಟವೆಲ್ ಮುಗಿಯಬೇಕಾದರೆ ಹೊಕ್ಕಿನ ನೂಲು ಒಯ್ಯುವ ಲಾಳಿ 1,500 ಸಲದಷ್ಟು ಎಳೆಗಳ ನಡುವೆ ದಾಟಬೇಕು. ಒಟ್ಟು ಎರಡು ಕಿಲೋ ನೂಲಿದ್ದರೆ ಹಲವು ದಿನಗಳ ದುಡಿಮೆ ನಡೆಯುತ್ತದೆ. ಆದರೆ ಅಂಗಡಿಯಲ್ಲಿ ಎರಡು ಕಿಲೋ ಕೇಳಿದರೆ ನೂಲಿನ ದೊಡ್ಡ ಕಟ್ಟು, ಅಂದರೆ ಗಂಟು, ಪೂರ್ತಿ ಒಯ್ಯಿರಿ ಎನ್ನುತ್ತಾರೆ.

ಲಿನನ್ ವಿಷಯದಲ್ಲಿ ಇದು ಇನ್ನೂ ಕಷ್ಟ. ನಮ್ಮ ಸೀಮೆಯ ಹೊಲಗಳಲ್ಲಿ ಅಗಸಿ ಬೆಳೆಯುತ್ತದೆ, ಅದರ ಹಿಂಡಿ ಇಲ್ಲದೆ ರೊಟ್ಟಿಯ ಊಟ ಪೂರ್ತಿಯಾಗುವುದಿಲ್ಲ. ಆದರೆ ಇಲ್ಲಿಯದು ಕಾಳಿಗಾಗಿ ಬೆಳೆಯುವ ಗಿಡ್ಡ ತಳಿ. ನಾರಿಗಾಗಿ ಒತ್ತೊತ್ತಾಗಿ ಬಿತ್ತಿ ಎತ್ತರಕ್ಕೆ ಬೆಳೆಸುವ ಅಗಸೆ ಹೆಚ್ಚಾಗಿ ಫ್ರಾನ್ಸ್, ಬೆಲ್ಜಿಯಂ ಕಡೆಯದು. ಅಷ್ಟು ದೂರದಿಂದ ಬರುವ ನಾರಿನ ನೂಲಿನ ಬೆಲೆ ಹತ್ತಿಗಿಂತ ಬಹಳ ಹೆಚ್ಚು, ಆದ್ದರಿಂದ ಒಮ್ಮೆ ತಪ್ಪಿದರೆ ಪೆಟ್ಟೂ ದೊಡ್ಡದು. ಮೊದಲ ಸಲ ನಾನು 30 ನಂಬರಿನ ಲಿನನ್ ಎಂಬ ಮಾತನ್ನು ನಂಬಿ, ಹತ್ತಿಯ 30ರಷ್ಟು ಸಣ್ಣಗಿರುತ್ತದೆಂದು ತಿಳಿದು, ಒಂದು ಗಂಟು ತಂದೆ. ಹತ್ತಿಯ ನಂಬರನ್ನು ಒಂದು ಪೌಂಡಿಗೆ 840 ಗಜದ ಲಡಿಗಳು (ನೂಲಿನ ಸುರುಳಿಗಳು) ಎಷ್ಟೆಂದು ಎಣಿಸಿದರೆ, ಲಿನನ್ನಿಗೆ 300 ಗಜದ ಲೆಕ್ಕ. ಹೀಗಾಗಿ ಲಿನನ್ನಿನ 30 ಎಂದರೆ ಹತ್ತಿಯ 11ಕ್ಕೂ ಕಡಿಮೆ! ಮನೆಯಲ್ಲಿದ್ದ ಹಣಿಗೆಗೆ, ಅಂದರೆ ಹಾಸಿನ ಎಳೆಗಳನ್ನು ಬಿಡಿಸಿ ಹಿಡಿದು ಹೊಕ್ಕನ್ನು ಒತ್ತುವ ಮಗ್ಗದ ಬಾಚಣಿಗೆಗೆ, ಅದು ದಪ್ಪವಾಯಿತು. ಬಿಚ್ಚಿದ ಗಂಟನ್ನು ವ್ಯಾಪಾರಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇರೆ ಹಣಿಗೆ ತಂದು ಹಾಸು ಹೂಡಿದರೆ, ಮಾರ್ಚ್ ತಿಂಗಳ ಒಣ ಗಾಳಿಗೆ ಎಳೆಗಳು ಪಟಪಟನೆ ತುಂಡಾದವು, ಒಂದೇ ಮಧ್ಯಾಹ್ನ ನಾನು ನಲವತ್ತಕ್ಕೂ ಹೆಚ್ಚು ಗಂಟು ಹಾಕಿದೆ. ಲಿನನ್ ಎಳೆ ಹಿಗ್ಗುವುದಿಲ್ಲ, ಒಣಗಿದಾಗ ಪೆಡಸು, ನೆನೆದಾಗಲೇ ಗಟ್ಟಿ. ಇದನ್ನು ತಿಳಿದ ಮೇಲೆ ಹಾಸಿನಲ್ಲಿ ಹತ್ತಿಯನ್ನೇ ಇಟ್ಟು, ಲಿನನ್ ಸುತ್ತಿದ ಕಂಡಿಕೆಗಳನ್ನು (ಲಾಳಿಯೊಳಗಿನ ಕೊಳವೆಗಳನ್ನು) ರಾತ್ರಿ ಹಸಿ ಬಟ್ಟೆಯಲ್ಲಿ ಸುತ್ತಿಟ್ಟು ಬೆಳಿಗ್ಗೆ ಹೊಕ್ಕಿಗೆ ಬಳಸತೊಡಗಿದೆ. ತೇವವಿರುವ ಎಳೆ ಹಣಿಗೆಯ ಏಟಿಗೆ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಅಂಚೂ ನೇರವಾಗಿ ಬರುತ್ತದೆ. ಹೊಸದರಲ್ಲಿ ಬಿರುಸಾಗಿರುವ ಈ ಟವೆಲ್ ಒಗೆದಷ್ಟೂ ಮೆತ್ತಗಾಗುತ್ತ ಹೋಗುವುದನ್ನು ಕೊಂಡವರೇ ಬಂದು ಹೇಳಿದ್ದಾರೆ. ಆದರೆ ಆ ಗಂಟನ್ನು ಮುಗಿಸಲು ನನಗೆ ಒಂದು ವರ್ಷ ಹಿಡಿಯಿತು, ಅಲ್ಲಿಯವರೆಗೆ ಹಣ ಕಪಾಟಿನಲ್ಲೇ ಕೂತಿತ್ತು. ಅರ್ಧ ಕಿಲೋ ತಂದು ನೋಡುವ ಅವಕಾಶವಿದ್ದಿದ್ದರೆ ಆ ನಷ್ಟ ಆಗುತ್ತಿರಲಿಲ್ಲ.

ನೂಲಿನ ಮೇಲೆ ಕೇಂದ್ರ ಸರ್ಕಾರ ಕೈಮಗ್ಗ ನೇಕಾರರಿಗೆ ಕೊಡುವ ಶೇ 15ರ ರಿಯಾಯಿತಿ ಹತ್ತಿಯ ಲಡಿಗೂ ಲಿನನ್ನಿಗೂ ಇದೆ. ಅದು ಗಂಟುಗಟ್ಟಲೆ ಕೊಳ್ಳುವವರನ್ನು ದಾಟಿ, ಒಂದೇ ಮಗ್ಗದ ಮನೆಗೂ ಬರಬೇಕು. ಗದಗ-ಬೆಟಗೇರಿಯ, ಗಜೇಂದ್ರಗಡದ ಮತ್ತು ಹುಬ್ಬಳ್ಳಿಯ ನೇಕಾರರ ಸಹಕಾರ ಸಂಘಗಳು ತಮ್ಮಲ್ಲಿ ಒಂದು ಕಪಾಟು ಇಟ್ಟು, ಗಂಟು ಬಿಚ್ಚಿ, ತೂಕ ಮಾಡಿ, ಹತ್ತಿಯ ನಂಬರು ಮತ್ತು ಲಿನನ್ನಿನ ನಂಬರು ಎರಡನ್ನೂ ಚೀಟಿಯಲ್ಲಿ ಬರೆದು ಕೊಡುವ ವ್ಯವಸ್ಥೆ ಮಾಡಲಿ. ಬಿಡಿಸಿ ಮಾರುವುದರಲ್ಲಿ ಆಗುವ ಸಣ್ಣ ನಷ್ಟವನ್ನು ಕೈಮಗ್ಗ ಮತ್ತು ಜವಳಿ ಇಲಾಖೆ ಭರಿಸಲಿ ಎಂದು ನನ್ನ ಕಳಕಳಿಯ ಕೋರಿಕೆ. ಧಾರವಾಡ ಬಳಿಯ ಗರಗದಲ್ಲಿ ಧ್ವಜದ ಖಾದಿ ನೇಯುವ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಸೀಮೆ ನಮ್ಮದು. ಒಂದು ತಕ್ಕಡಿ ಇಡುವುದು ಇಲ್ಲಿನ ಸಂಘಗಳಿಗೆ ಭಾರವಾಗಲಾರದು.

ಮಳೆಗಾಲದ ತೇವ ಗಾಳಿಯಲ್ಲಿ ಲಿನನ್ ಎಳೆ ಬೇಗ ಹರಿಯುವುದಿಲ್ಲ. ಜೂನ್ ತಿಂಗಳೊಳಗೆ ಅಂಥ ಕಪಾಟು ತೆರೆದರೆ, ಈ ಸಲ ಹಾಸನ್ನೂ ಲಿನನ್ನಿನಲ್ಲೇ ಹೂಡಿ ನೋಡಲು ನಾನು ಸಿದ್ಧಳಿದ್ದೇನೆ.

ತಮ್ಮ ವಿಶ್ವಾಸಿ,
ಮನೆಮಗ್ಗದ ಒಬ್ಬ ನೇಕಾರ ಮಹಿಳೆ
ಬೆಟಗೇರಿ, ಗದಗ ಜಿಲ್ಲೆ