ಮಗಳಿಗೊಂದು ಪತ್ರ: ತೋಡಿಗೆ ಎಂತ ಮುಚ್ಚುವುದು?

ಪುಟ್ಟೀ,

ಮೊನ್ನೆ ರಾತ್ರಿ ನೀನು ಹೊರಡುವಾಗ ನನಗೆ ನಿದ್ದೆ ಬಂದಿರಲಿಲ್ಲ. ಜೀಪು ಏರು ಹತ್ತುವ ಶಬ್ದ ನಿಲ್ಲುವವರೆಗೂ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮಂಗಳೂರಿನವರೆಗೆ ಬರಲಿಲ್ಲ ಎಂದು ನಿನ್ನ ಅಮ್ಮ ಎರಡು ದಿನದಿಂದ ಚಾಯ ಕುಕ್ಕಿಯೇ ಇಡುತ್ತಿದ್ದಾಳೆ. ಊಟದ ಹೊತ್ತಿನ ಮಾತನ್ನು ಮತ್ತೆ ಎತ್ತುವುದಿಲ್ಲ, ಇಬ್ಬರಿಗೂ ನೆನಪುಂಟು. "ಕಂಡವರ ಬಾವಿಗೆ ವಿಷ ಹಾಕಲಿಕ್ಕೆ ಓದಿಸಿದ್ದಾ ನಿನ್ನನ್ನು" ಎಂದದ್ದು ಮಾತ್ರ ತಪ್ಪು. ಅದಕ್ಕೆ ಕ್ಷಮೆ ಇರಲಿ.

ನೀನು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ, ನೆಲದಡಿಯ ಬಂಡೆ ಬಿರಿಸಿ ಗ್ಯಾಸ್ ತೆಗೆಯುವ ಕೆಲಸಕ್ಕೆ ಹೋಗುವುದು ನನಗೆ ಹೆಮ್ಮೆಯೇ. ಪೋಸ್ಟಾಫೀಸಿನಲ್ಲಿ ನಾಲ್ಕು ಜನರ ಹತ್ತಿರ ಹೇಳಿಕೊಂಡೇ ಬಂದಿದ್ದೇನೆ. ನನಗೆ ಸಿಟ್ಟು ಬಂದದ್ದು ಒಂದೇ ಮಾತಿಗೆ. ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಾ "ಎಂತದೂ ಆಗುವುದಿಲ್ಲ ಅಪ್ಪಾ, ಎಲ್ಲ ನೋಡಿಯೇ ಮಾಡುವುದು" ಎಂದೆಯಲ್ಲ, ಅದು ನನ್ನ ಮಾತು. 1985ರಲ್ಲಿ ನಾನೇ ಆಡಿದ್ದು.

ಇಲ್ಲೇ ಕಾಸರಗೋಡಿನ ಗೇರು ತೋಟದಲ್ಲಿ ದಿನಗೂಲಿಗೆ ಇದ್ದೆ ಎಂದು ನಿನಗೆ ಗೊತ್ತು. ಎಂತ ಕೆಲಸ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲಿಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿದ್ದರು. ಹಿಂದಿನ ದಿನ ಮನೆ ಮನೆಗೆ ಹೋಗಿ "ನಾಳೆ ಮದ್ದು ಬಿಡುವುದುಂಟು, ಬಾವಿ ಮುಚ್ಚಿಕೊಳ್ಳಿ, ದನ ಹೊರಗೆ ಕಟ್ಟಬೇಡಿ" ಎಂದು ಹೇಳಿ ಬರುವುದು ನನ್ನ ಕೆಲಸ. (ನಮ್ಮಲ್ಲಿ ವಿಷಕ್ಕೂ ಮದ್ದು ಎಂದೇ ಹೆಸರು, ನೋಡು.) ಹರಿಯುವ ತೋಡಿನ ಕರೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ನಾನು ಹೇಳಿದ್ದಕ್ಕೆ ತೆಂಗಿನ ಮಡಲು ಎಳೆದು ತಂದು ಬಾವಿಯ ಮೇಲೆ ಹಾಸಿದರು. ಮತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದರು: "ಬಾವಿಗೆ ಮಡಲು ಹಾಕಿದೆ, ತೋಡಿಗೆ ಎಂತ ಮುಚ್ಚುವುದು ಮಗಾ?"

ನಾನು ನಗಾಡಿದೆ. "ಎಂತದೂ ಆಗುವುದಿಲ್ಲ ಅಜ್ಜೀ, ದೊಡ್ಡವರು ಎಲ್ಲ ನೋಡಿಯೇ ಮಾಡುವುದು" ಎಂದೆ. ಅವರು ಬೆಲ್ಲ, ನೀರು ಕೊಟ್ಟರು. ಕುಡಿದು ಮುಂದಿನ ಮನೆಗೆ ಹೋದೆ.

ಮುಂದೆ ಎಂತಾಯಿತು ಎಂದು ನಿನಗೆ ಹೇಳಬೇಕಾಗಿಲ್ಲ, ನಿನ್ನ ಕ್ಲಾಸಿನಲ್ಲೇ ಇದ್ದರಲ್ಲ, ಊನ ಹೊತ್ತು ಹುಟ್ಟಿದ ಆ ಮಕ್ಕಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮದ್ದು ಬಿಟ್ಟರು. ಸುಪ್ರೀಂ ಕೋರ್ಟು ಆ ಮದ್ದನ್ನು ದೇಶದಲ್ಲೇ ಬೇಡ ಎಂದದ್ದು 2011ರಲ್ಲಿ. ನೊಂದವರಿಗೆ ತಲಾ 5 ಲಕ್ಷ ಕೊಡಿ ಎಂದದ್ದು 2017ರಲ್ಲಿ. ಆ ಅಜ್ಜಿ ಅಷ್ಟು ವರ್ಷ ಇರಲಿಲ್ಲ.

ನಿನ್ನ ಲೆಕ್ಕ ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಳ್ಳಬೇಡ. ಎರಡು ಕಿಲೋಮೀಟರ್ ಕೆಳಗೆ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿ, ನೀರನ್ನು ಒತ್ತಡದಲ್ಲಿ ಬಿಟ್ಟು, ಗ್ಯಾಸ್ ಹಿಡಿದಿಟ್ಟ ಶೇಲ್ ಎಂಬ ಪದರು ಬಂಡೆಯನ್ನು ಬಿರಿಸುವುದು. ಬಿರುಕು ಮುಚ್ಚಿಕೊಳ್ಳದ ಹಾಗೆ ಮರಳು. ನನಗೆ ಅರ್ಥವಾಗುತ್ತದೆ. ನಿನ್ನ ಅಜ್ಜ ಪಿಕ್ಕಾಸು ಹಿಡಿದು ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದವರೇ. ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದು ಎಂದು ಹಿಂದೆ ಬರುತ್ತಿದ್ದರು. ಕುಡಿಯುವ ನೀರು ಎಷ್ಟೋ ಮೇಲೆ, ಬಂಡೆ ಎಷ್ಟೋ ಕೆಳಗೆ ಎಂದೆ ನೀನು. ನಾನು ಒಪ್ಪಿದೆ. ಆದರೆ ಕೊಳವೆ ಆ ನೀರನ್ನು ದಾಟಿಯೇ ಇಳಿಯಬೇಕಲ್ಲ? ಸುತ್ತಲಿನ ಸಿಮೆಂಟು ಬಿರಿದರೆ? ಅಮೆರಿಕದ ಪರಿಸರ ಇಲಾಖೆಯೇ 2016ರಲ್ಲಿ ಹೇಳಿತು, ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ತೊಂದರೆ ಆಗಬಹುದು ಎಂದು. ಕೆಟ್ಟ ಕೊಳವೆ, ಚೆಲ್ಲಿದ ರಾಸಾಯನಿಕ, ವಾಪಸು ಬರುವ ಕೊಳಕು ನೀರು ಇವೇ ಕಾರಣ. ತೈಲ, ಗ್ಯಾಸ್ ಬಾವಿಗಳಿಂದ ಬಂದ ಕೊಳಕು ನೀರನ್ನು ಮತ್ತೆ ನೆಲದ ಆಳಕ್ಕೆ ತುಂಬಿಸಿ ತುಂಬಿಸಿಯೇ ಒಕ್ಲಹೋಮದಲ್ಲಿ ಭೂಮಿ ನಡುಗಿದ್ದು, 2016ರಲ್ಲಿ 5.8ರಷ್ಟು.

ರಾಸಾಯನಿಕ ನೂರಕ್ಕೆ ಒಂದೋ ಎರಡೋ ಪಾಲು ಎಂದೆ. ಒಂದು ಗ್ಯಾಸ್ ಬಾವಿಗೆ ಒಂದೂವರೆ ಕೋಟಿ ಲೀಟರ್ ನೀರು ಎಂದದ್ದೂ ನೀನೇ. ನೂರಕ್ಕೆ ಒಂದೇ ಎಂದುಕೊಂಡರೂ ಒಂದೂವರೆ ಲಕ್ಷ ಲೀಟರ್ ಆಯಿತು. ಹಟ್ಟಿಯ ಹಿಂದಿನ ನಮ್ಮ ಟ್ಯಾಂಕು 5 ಸಾವಿರದ್ದು. ಮೂವತ್ತು ಟ್ಯಾಂಕು, ಪುಟ್ಟೀ. ಅಂಥದ್ದನ್ನು 2005ರಲ್ಲಿ ಅಲ್ಲಿಯ ಕುಡಿಯುವ ನೀರಿನ ಕಾನೂನಿನಿಂದ ಹೊರಗಿಟ್ಟರಂತೆ, ಡೀಸೆಲ್ ಬಳಸಿದರೆ ಮಾತ್ರ ಒಳಗೆ. ಯಾಕೆ ಎಂದು ಕೇಳು. ಕೇಳಿದರೆ ಕೆಲಸ ಹೋಗುವುದಿಲ್ಲ. ಹೋದರೂ ತೋಟ ಉಂಟು.

ಭಾಷಣ ಆಯಿತು. ನಿನ್ನ ಪಕ್ಷವೂ ಸುಳ್ಳಲ್ಲ. ಅಲ್ಲಿ 2005ರಲ್ಲಿ ಅರ್ಧದಷ್ಟು ಕರೆಂಟು ಕಲ್ಲಿದ್ದಲಿನಿಂದ, 2023ಕ್ಕೆ ಆರರಲ್ಲಿ ಒಂದು ಪಾಲು. ಶೇಲ್ ಗ್ಯಾಸ್ ಇಲ್ಲದಿದ್ದರೆ ಅಷ್ಟು ಬೇಗ ಇಳಿಯುತ್ತಿರಲಿಲ್ಲ. ಆ ಗ್ಯಾಸಿನ ಮೀಥೇನ್ ದಾರಿಯಲ್ಲಿ ಸೋರಿ ಭೂಮಿಯನ್ನು ಬಿಸಿ ಮಾಡಿದರೆ ಆ ಲಾಭವೂ ಸೋರುತ್ತದೆ ಎಂದು ನೀನೇ ಒಪ್ಪಿದೆ. ನಿನ್ನ ಅಮ್ಮ ಸೌದೆ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡದ್ದನ್ನು ನೋಡಿದವನು ಗ್ಯಾಸ್ ಬೇಡ ಎನ್ನುವುದಾದರೂ ಹೇಗೆ? ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪು ನಮ್ಮ ಜಿಲ್ಲೆಯ ಅಡಿಯಲ್ಲೇ ಹಾದು ಹೋಗಿದೆ. ಅಮೆರಿಕದ ಗ್ಯಾಸೂ ಹಡಗಿನಲ್ಲಿ ಈ ದೇಶಕ್ಕೆ ಬರುತ್ತದೆ. ನೀನು ತೆಗೆದದ್ದು ಒಂದು ದಿನ ಇಲ್ಲೇ ಉರಿದರೂ ಉರಿಯಬಹುದು.

ಒಂದು ಸಂಗತಿ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ನಿನ್ನ ಪೆನ್ಸಿಲ್ವೇನಿಯಾದ ಬಂಡೆಯೇ ಗಡಿ ದಾಟಿ ನ್ಯೂಯಾರ್ಕ್ ರಾಜ್ಯಕ್ಕೂ ಹೋಗಿದೆ, ಅಲ್ಲಿ 2014ರಲ್ಲಿ ಬಿರಿಸುವುದು ಬೇಡ ಎಂದರು. ಒಂದೇ ಕಲ್ಲು, ಆಚೆ ಅಪಾಯ, ಈಚೆ ಉದ್ಯೋಗ. ಗಡಿಯಲ್ಲಿ ಹುಟ್ಟಿದ ನಮಗೆ ಇದು ಹೊಸತಲ್ಲ. ನಮ್ಮನ್ನು ಕೇರಳಕ್ಕೆ ಸೇರಿಸಿ 1956ರಲ್ಲಿ ಎಳೆದ ಗೆರೆ ಹೆಲಿಕಾಪ್ಟರಿನ ಗಾಳಿಗೆ ಗೊತ್ತಿತ್ತಾ?

ಕೆಲಸದಲ್ಲಿ ನಿನ್ನ ಮಾತು ನಡೆಯುವ ದಿನ ಬಂದರೆ ಒಂದು ಮಾಡು. ಕೊರೆಯುವ ಮೊದಲೇ ಸುತ್ತಲಿನ ಮನೆಗಳ ಬಾವಿ ನೀರನ್ನು ಪರೀಕ್ಷೆ ಮಾಡಿಸಿ, ಆ ಕಾಗದವನ್ನು ಆಯಾ ಮನೆಯವರ ಕೈಗೇ ಕೊಡಿಸು. ನಮ್ಮ ಮನೆಗಳಲ್ಲಿ ಮದ್ದಿನ ಮೊದಲಿನ ನೀರು ಹೇಗಿತ್ತು ಎನ್ನಲಿಕ್ಕೆ ಒಂದು ಚೀಟಿಯೂ ಇರಲಿಲ್ಲ. ಆಮೇಲೆ ಬಂದವರೆಲ್ಲ ಅದನ್ನೇ ಕೇಳಿದರು.

ಅಜ್ಜಿಯ ಮಾತಿಗೆ ಉತ್ತರ ಹುಡುಕುತ್ತಲೇ ಇದ್ದೇನೆ. ಕೊನೆಗೆ ಹೊಳೆಯುವುದು ಇಷ್ಟೇ: ಆಗ "ಗೊತ್ತಿಲ್ಲ ಅಜ್ಜೀ, ಕೇಳಿ ಬರುತ್ತೇನೆ" ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಲಿಕ್ಕೆ ಇಪ್ಪತ್ತೆರಡರ ಹುಡುಗನಿಗೆ ನಾಚಿಕೆಯಾಯಿತು. ನಮ್ಮ ಸುರಂಗದ ನೀರೂ ಅದೇ ಗುಡ್ಡೆಯದ್ದು. 1998ರಲ್ಲಿ ನೀನು ಹುಟ್ಟಿದಾಗ ನರ್ಸು ಹೆಣ್ಣು ಎಂದು ಹೇಳಿ ಮುಗಿಸುವ ಮೊದಲೇ ನಾನು ನಿನ್ನ ಬೆರಳು ಎಣಿಸಿದ್ದೆ. ಎರಡು ಸಲ. ಅಮ್ಮನಿಗೂ ಇದು ಗೊತ್ತಿಲ್ಲ.

ಮಿಡಿ ಉಪ್ಪಿನಕಾಯಿಯ ಬಾಟಲಿ ಒಡೆಯದೆ ತಲುಪಿತಾ ಎಂದು ಅವಳಿಗೆ ತಿಳಿಯಬೇಕಂತೆ. ಫೋನ್ ಮಾಡು. ಸಿಟ್ಟು ಇಳಿದಿದ್ದರೆ ನನಗೂ ಕೊಡಲಿಕ್ಕೆ ಹೇಳು, ನಾನು ಜಗಲಿಯಲ್ಲೇ ಇರುತ್ತೇನೆ.

ನಿನ್ನ
ಅಪ್ಪ